ಮಗ್ಗುಲು ಬದಲಿಸುವ ಹೊತ್ತು: ಮಲಗಿದಲ್ಲೇ ಇರುವ ರೋಗಿಯ ಆರೈಕೆಯಲ್ಲಿ ನನ್ನ ಅನುಭವ

ನರ್ಸಿಂಗ್ ಪಠ್ಯದಲ್ಲಿ ಬಾಯಿಯ ಆರೈಕೆ ಒಂದು ಪಾಠ, ಬೆನ್ನಿನ ಆರೈಕೆ ಇನ್ನೊಂದು, ಮಲಗಿದಲ್ಲೇ ಮೈ ಒರೆಸುವ ಸ್ಪಾಂಜ್ ಬಾತ್ ಮತ್ತೊಂದು. ವಾರ್ಡಿನಲ್ಲಿ ಹಾಗೆ ಬಿಡಿಬಿಡಿಯಾಗಿ ಮಾಡಹೊರಟರೆ ಪಾಳಿ ಮುಗಿದರೂ ಅರ್ಧ ಕೆಲಸ ಉಳಿದಿರುತ್ತದೆ. ಪಾರ್ಶ್ವವಾಯು ಹೊಡೆದವರು, ಪ್ರಜ್ಞೆ ಮಂಕಾದವರು, ನಿತ್ರಾಣರಾಗಿ ತಾವಾಗಿ ಹೊರಳಲಾರದವರು ಇವರನ್ನು, ಒಂದೇ ಕಡೆಯ ಒತ್ತಡಕ್ಕೆ ಚರ್ಮ ಹುಣ್ಣಾಗದಂತೆ, ಹೇಗೂ ಎರಡು ಗಂಟೆಗೊಮ್ಮೆ ತಿರುಗಿಸಲೇಬೇಕು. ಹಾಗಾಗಿ ಉಳಿದ ಕೆಲಸವನ್ನೆಲ್ಲ ನಾನು ಆ ಹೊತ್ತಿಗೇ ಗಂಟು ಹಾಕಿಕೊಂಡಿದ್ದೇನೆ. ತಿರುಗಿಸಿದಾಗ ಬೆನ್ನು ಕಾಣುತ್ತದೆ, ಶೀಟು ಒದ್ದೆಯಾಗಿದ್ದರೆ ಕೈಗೆ ತಾಗುತ್ತದೆ, ಯೂರಿನ್ ಬ್ಯಾಗು, ಡ್ರಿಪ್ಪಿನ ಸೂಜಿ ಎರಡೂ ಕಣ್ಣಿಗೆ ಬೀಳುತ್ತವೆ. ತಿರುಗಿಸುವುದು ತಪ್ಪಿತೆಂದರೆ ಇವೆಲ್ಲವೂ ತಪ್ಪಿದ ಹಾಗೆಯೇ.

ಮಂಚದ ತಲೆಯ ಕಡೆ ಒಂದು ಕಾಗದ ಅಂಟಿಸಿ, '8 – ಎಡ, 10 – ಅಂಗಾತ, 12 – ಬಲ' ಎಂದು ದಪ್ಪಕ್ಷರದಲ್ಲಿ ಕನ್ನಡದಲ್ಲೇ ಬರೆದಿಡುತ್ತೇನೆ. ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ ಬರೆದರೆ ಡಾಕ್ಟರು ನೋಡಿಯಾರು, ರೋಗಿಯ ಕಡೆಯವರು ನೋಡುವುದಿಲ್ಲ. ರಾತ್ರಿ ಪಾಳಿಯಲ್ಲಿ ತಿರುಗಿಸಲು ಜೊತೆಗೆ ಕೈ ಕೊಡುವವರು ಅವರೇ.

ತಿರುಗಿಸಲು ಇಬ್ಬರು ಬೇಕು. ಒಬ್ಬರೇ ಎಳೆದರೆ ರೋಗಿಯ ಚರ್ಮವೂ ಕೆಡುತ್ತದೆ, ನಮ್ಮ ಸೊಂಟವೂ ಹೋಗುತ್ತದೆ. ಮೊದಲು ಮಂಚದ ಬ್ರೇಕ್ ಹಾಕಬೇಕು. ಆಮೇಲೆ, ಪ್ರಜ್ಞೆ ಇರಲಿ ಇಲ್ಲದಿರಲಿ, ಕಿವಿಯ ಹತ್ತಿರ ಬಾಗಿ 'ಅಜ್ಜೀ, ಈಗ ಎಡಕ್ಕೆ ತಿರುಗಿಸ್ತೀವಿ' ಎಂದು ಹೇಳಬೇಕು. ಹೇಳದೆ ಮುಟ್ಟಿದರೆ ಮೈ ಬಿಗಿಯಾಗುತ್ತದೆ, ಭಾರ ಹೆಚ್ಚುತ್ತದೆ. ಭುಜದಿಂದ ತೊಡೆಯ ನಡುವಿನವರೆಗೆ ಬರುವ ಹಾಗೆ ಮಡಚಿ ಹಾಸಿದ ಡ್ರಾ ಶೀಟಿನ ಎರಡೂ ಅಂಚುಗಳನ್ನು ರೋಗಿಯ ಮೈಗೆ ಒತ್ತಾಗಿ ಸುತ್ತಿ ಹಿಡಿಯಬೇಕು. ಎಡಕ್ಕೆ ತಿರುಗಿಸುವುದಾದರೆ ಮೊದಲು ರೋಗಿಯನ್ನು ಬಲ ಅಂಚಿನ ಕಡೆಗೆ ಎತ್ತಿ ಸರಿಸಬೇಕು. ಇದನ್ನು ಬಿಟ್ಟರೆ ತಿರುಗಿದ ಮೇಲೆ ಮುಖ ಕಂಬಿಗೆ ತಾಗುತ್ತದೆ, ಮತ್ತೆ ಎಳೆದಾಟ ಶುರು. ಎಡಗೈಯನ್ನು ಮೈಯಿಂದ ಸ್ವಲ್ಪ ದೂರ ಇಟ್ಟು, ಬಲಗೈ ಎದೆಯ ಮೇಲೆ, ಬಲ ಮೊಣಕಾಲು ಮಡಚಿ, ಒಬ್ಬರ ಕೈ ಭುಜದ ಹಿಂದೆ ಮತ್ತು ಸೊಂಟದ ಹಿಂದೆ. ಒಂದು, ಎರಡು, ಮೂರು ಎಣಿಸಿ ಒಟ್ಟಿಗೆ ತಿರುಗಿಸಬೇಕು. ಲಕ್ವ ಹೊಡೆದ ಕೈಯನ್ನು ಹಿಡಿದು ಎಂದೂ ಎಳೆಯಬಾರದು. ಸ್ನಾಯುವಿನ ಬಿಗಿ ಇಲ್ಲದ ಆ ಭುಜದ ಕೀಲು ಸುಲಭವಾಗಿ ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಬೆನ್ನುಮೂಳೆಗೆ ಪೆಟ್ಟು ಬಿದ್ದಿರುವ ಸಂಶಯ ಇದ್ದವರಿಗೆ ಈ ಕ್ರಮವೇ ಅಲ್ಲ. ಅವರನ್ನು ತಲೆ, ಭುಜ, ಸೊಂಟ ಮೂರೂ ಒಂದೇ ಸಾಲಿನಲ್ಲಿರುವಂತೆ ದಿಮ್ಮಿಯ ಹಾಗೆ ಹೊರಳಿಸಬೇಕು, ಅದಕ್ಕೆ ಕನಿಷ್ಠ ನಾಲ್ವರು ಬೇಕು.

ಪೂರ್ತಿ ಪಕ್ಕಕ್ಕೆ, ಅಂದರೆ 90 ಡಿಗ್ರಿಗೆ ತಿರುಗಿಸಿ ಬಿಡುವುದು ಎಲ್ಲ ವಾರ್ಡಿನಲ್ಲೂ ಕಾಣುವ ತಪ್ಪು. ಹಾಗೆ ಮಲಗಿಸಿದರೆ ಮೈಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ, ಬೆನ್ನು ಉಳಿಸಲು ಹೋಗಿ ಸೊಂಟದಲ್ಲಿ ಹುಣ್ಣು. 30 ಡಿಗ್ರಿ ಓರೆ ಸಾಕು. ಬೆನ್ನ ಹಿಂದೆ ಉದ್ದಕ್ಕೆ ದಿಂಬು ಕೊಟ್ಟು, ಅಂಗೈಯನ್ನು ಬೆನ್ನಿನ ಬುಡದ ಅಡಿಗೆ ತೂರಿಸಿ ನೋಡುತ್ತೇನೆ. ಮೂಳೆ ಹಾಸಿಗೆಗೆ ಒತ್ತಿಲ್ಲದಿದ್ದರೆ ಓರೆ ಸರಿಯಾಗಿದೆ. ಮೊಣಕಾಲುಗಳ ನಡುವೆ ಒಂದು ದಿಂಬು. ಅಂಗಾತ ಮಲಗಿದಾಗ ಮೀನಖಂಡದ ಅಡಿಗೆ ಉದ್ದಕ್ಕೆ ದಿಂಬು ಕೊಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೇಲಿಸಬೇಕು. ಹಿಮ್ಮಡಿಗೂ ಹಾಸಿಗೆಗೂ ನಡುವೆ ಒಂದು ಕಾಗದ ಸಲೀಸಾಗಿ ಹಾದುಹೋಗಬೇಕು. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡುವ ಪದ್ಧತಿ ಇನ್ನೂ ಇದೆ. ಅಷ್ಟು ಚಿಕ್ಕ ಚೀಲ ಭಾರವನ್ನು ಹಂಚುವುದಿಲ್ಲ, ಜಾರಿಬಿಡುತ್ತದೆ, ಒಡೆದರೆ ಹಾಸಿಗೆ ಒದ್ದೆ.

ದಿಂಬು ಕೊಡುವ ಮೊದಲು ಶೀಟಿನ ಮೇಲೆ ಒಮ್ಮೆ ಕೈ ಆಡಿಸುವುದು ಅಭ್ಯಾಸವಾಗಬೇಕು. ಸಿರಿಂಜಿನ ಕ್ಯಾಪು, ಇಸಿಜಿ ಎಲೆಕ್ಟ್ರೋಡಿನ ಗುಂಡಿ, ಬಿಸ್ಕತ್ತಿನ ಚೂರು, ಅಂಟುಪಟ್ಟಿಯ ಮುದ್ದೆ ಇವೆಲ್ಲ ಬೆನ್ನಿನ ಕೆಳಗೆ ಸಿಗುತ್ತವೆ. ಮಾತಾಡಲಾಗದ ರೋಗಿ ಸಿರಿಂಜಿನ ಕ್ಯಾಪಿನ ಮೇಲೆ ಎರಡು ಗಂಟೆ ಮಲಗಿದರೆ ಅದರ ಅಚ್ಚು ಚರ್ಮದ ಮೇಲೆ ಮೂಡಿರುತ್ತದೆ. ಕೊನೆಗೆ ಕೆಳಗಿನ ಕಿವಿ ಮಡಚಿಕೊಂಡಿಲ್ಲವೇ, ಮೂತ್ರದ ಕ್ಯಾತೆಟರ್ ಟ್ಯೂಬು ತೊಡೆಯ ಅಡಿಗೆ ಸಿಕ್ಕಿಲ್ಲವೇ, ಆಕ್ಸಿಜನ್ ಪೈಪು ಕಿವಿಯ ಹಿಂದೆ ಕೊರೆಯುತ್ತಿಲ್ಲವೇ ಎಂದು ನೋಡಬೇಕು. ಹುಣ್ಣು ಮೂಳೆಯ ಮೇಲಷ್ಟೇ ಬರುವುದಿಲ್ಲ, ಪೈಪು ಒತ್ತಿದ ಕಡೆಯೂ ಬರುತ್ತದೆ.

ಬೆನ್ನು ಕಂಡಾಗ ನೋಡುವುದು ಹೇಗೆ? ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಬೇಕು. ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಬಿಳಿಚದಿದ್ದರೆ ಅದು ಹುಣ್ಣಿನ ಮೊದಲ ಹಂತ, ಚರ್ಮ ಒಡೆದಿಲ್ಲ ಅಷ್ಟೇ. ಆದರೆ ಇದು ಬಿಳಿ ಚರ್ಮದವರನ್ನು ನೋಡಿ ಮಾಡಿದ ಪರೀಕ್ಷೆ. ನಮ್ಮವರ ಕಪ್ಪು ಮೈಯಲ್ಲಿ ಕೆಂಪೂ ಕಾಣದು, ಬಿಳಿಚುವುದೂ ಕಾಣದು. ಕೈಯ ಹಿಂಭಾಗವನ್ನು ತಾಗಿಸಿ ಅಕ್ಕಪಕ್ಕಕ್ಕಿಂತ ಬಿಸಿಯೋ ತಣ್ಣಗೋ ನೋಡಬೇಕು. ಒತ್ತಿದರೆ ಗಟ್ಟಿಯೋ ಮೆದುವೋ, ಸುತ್ತಲಿನದಕ್ಕಿಂತ ಕಡುಬಣ್ಣವೋ ನೇರಳೆಯೋ ಎಂದು ಹಗಲು ಬೆಳಕಿನಲ್ಲಿ ಅಥವಾ ಟಾರ್ಚಿನಲ್ಲಿ ನೋಡಬೇಕು. ಸಂಶಯ ಬಂದ ಮಗ್ಗುಲಿಗೆ, ಅದು ಸರಿಹೋಗುವವರೆಗೆ, ಮತ್ತೆ ಮಲಗಿಸುವುದಿಲ್ಲ. ಯಾರಿಗೆ ಹುಣ್ಣಿನ ಅಪಾಯ ಹೆಚ್ಚು ಎಂದು ಅಳೆಯಲು ಬ್ರೇಡನ್ ಸ್ಕೇಲ್ ಇದೆ. 6ರಿಂದ 23ರವರೆಗಿನ ಅಂಕದಲ್ಲಿ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ. ದಾಖಲಾದ ದಿನವೇ ಅಂಕ ಹಾಕಿಬಿಟ್ಟರೆ ಒಳ್ಳೆಯದು.

ಇಲ್ಲಿ ಹಳೆಯ ರೂಢಿಯೊಂದರ ವಿಷಯದಲ್ಲಿ ನನ್ನದು ಹಟ. ಸ್ಪಿರಿಟ್ ಹಚ್ಚಿ ತಿಕ್ಕಿ, ಮೇಲೆ ಪೌಡರ್ ಉದುರಿಸುವುದನ್ನೇ ನಮ್ಮಲ್ಲಿ ಬಹಳ ಕಾಲ 'ಬ್ಯಾಕ್ ಕೇರ್' ಎಂದು ಕಲಿಸಿದರು. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ಪೌಡರ್ ಬೆವರಿಗೆ ಗಂಟುಕಟ್ಟಿ ಮಡಿಕೆಗಳಲ್ಲಿ ಮರಳಿನ ಹಾಗೆ ಉಜ್ಜುತ್ತದೆ. ಕೆಂಪಾದ ಜಾಗವನ್ನು ತಿಕ್ಕುವುದಂತೂ ಕೂಡದು, ಆಗಲೇ ನಲುಗಿದ ಸಣ್ಣ ರಕ್ತನಾಳಗಳು ಒಳಗೇ ಹರಿದುಹೋಗುತ್ತವೆ. ತೊಳೆದು, ಒತ್ತಿ ಒರೆಸಿ, ತೆಳ್ಳಗೆ ಮಾಯಿಶ್ಚರೈಸರ್ ಹಚ್ಚಿದರೆ ಸಾಕು. ಡಯಾಪರ್ ಇರುವ ಕಡೆಗೆ ಜಿಂಕ್ ಆಕ್ಸೈಡ್ ಮುಲಾಮು. ಆಸ್ಪತ್ರೆ ಎದುರಿನ ಮೆಡಿಕಲ್ ಶಾಪಿನಲ್ಲಿ ಮಾರುವ, ನಡುವೆ ತೂತಿರುವ ಗಾಳಿ ತುಂಬಿದ ಏರ್ ರಿಂಗ್ ಕೂಡ ಬೇಡ. ನಡುವಿನ ಜಾಗ ತೂತಿನಲ್ಲಿದ್ದರೂ ಸುತ್ತಲಿನ ಅಂಚು ಒತ್ತಿ ಅಲ್ಲಿಗೆ ಬರುವ ರಕ್ತವನ್ನೇ ತಡೆಯುತ್ತದೆ. ಆ ದುಡ್ಡಿಗೆ ಎರಡು ದಿಂಬು ತನ್ನಿ ಎನ್ನುತ್ತೇನೆ.

ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ತಂದವರು ಇನ್ನು ತಿರುಗಿಸಬೇಕಿಲ್ಲ ಎಂದುಕೊಳ್ಳುತ್ತಾರೆ. ತಿರುಗಿಸಲೇಬೇಕು. ಅದರ ಮೇಲೆ ಒಂದೇ ಒಂದು ತೆಳು ಶೀಟು; ರಗ್ಗು, ರಬ್ಬರ್ ಶೀಟು, ಮಡಚಿದ ಸೀರೆ ಎಲ್ಲ ಹೇರಿದರೆ ಬೆಡ್ ಇದ್ದೂ ಇಲ್ಲದಂತೆ. ಅಂಗೈ ಮೇಲೆ ಮಾಡಿ ಏರ್ ಬೆಡ್ಡಿನ ಅಡಿಗೆ, ಬೆನ್ನಿನ ಬುಡದ ನೇರಕ್ಕೆ ತೂರಿಸಿ. ನಡುವೆ ಒಂದು ಇಂಚಿನಷ್ಟು ಗಾಳಿಯೂ ಉಳಿದಿಲ್ಲ ಎನಿಸಿದರೆ ರೋಗಿ ತಳ ಮುಟ್ಟಿದ್ದಾರೆ, ಪಂಪಿನ ಗುಂಡಿಯನ್ನು ಅವರ ತೂಕಕ್ಕೆ ತಕ್ಕಂತೆ ಏರಿಸಬೇಕು. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ ಎಂಬುದು ಮನೆಗೆ ಕೊಂಡೊಯ್ಯುವವರಿಗೆ ಮೊದಲೇ ಗೊತ್ತಿರಬೇಕು.

ಸ್ಪಾಂಜ್ ಬಾತ್ ಬೆಳಗಿನ ಒಂದು ಮಗ್ಗುಲಿನ ಜೊತೆಗೇ ಮುಗಿಯುತ್ತದೆ. ಬೆಳಗಿನ ಪಾಳಿಯವರು ಬರುವ ಮೊದಲು ಮುಗಿಸಬೇಕೆಂದು ನಸುಕಿನ ನಾಲ್ಕಕ್ಕೆ ರೋಗಿಯನ್ನು ಎಬ್ಬಿಸಿ ಒರೆಸುವ ವಾರ್ಡುಗಳಿವೆ; ಅದು ನಮ್ಮ ಅನುಕೂಲ, ರೋಗಿಯದ್ದಲ್ಲ. ಪರದೆ ಎಳೆದು, ಫ್ಯಾನ್ ನಿಲ್ಲಿಸಿ, ಮೊದಲು ಮೂತ್ರಕ್ಕೆ ಪ್ಯಾನ್ ಕೊಡಬೇಕು. ನೀರು 43ರಿಂದ 46 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿನ ಒಳಮೈಗೆ ಹಿತವಾದ ಬಿಸಿ. ಕಣ್ಣಿಗೆ ಸೋಪಿಲ್ಲ, ಮೂಗಿನ ಕಡೆಯಿಂದ ಹೊರಕ್ಕೆ, ಪ್ರತಿ ಕಣ್ಣಿಗೂ ಬಟ್ಟೆಯ ಬೇರೆ ಮೂಲೆ. ಮುಖ, ಕತ್ತು, ಕೈ, ಎದೆ, ಹೊಟ್ಟೆ, ಕಾಲು, ಬೆನ್ನು. ಒಮ್ಮೆಗೆ ಒಂದು ಅಂಗ ಮಾತ್ರ ತೆರೆದು, ಒರೆಸಿದ ಕೂಡಲೇ ಮುಚ್ಚಬೇಕು. ಗುಪ್ತಾಂಗಕ್ಕೆ ಹೊಸ ನೀರು, ಹೊಸ ಬಟ್ಟೆ, ಗ್ಲೌಸು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಮಾತ್ರ. ಕಾಲ್ಬೆರಳ ಸಂದು, ಸ್ತನದ ಅಡಿ, ತೊಡೆಸಂದು ಒಣಗದೆ ಉಳಿದರೆ ವಾರದೊಳಗೆ ಅಲ್ಲಿ ಬೂಸ್ಟಿನ ತುರಿಕೆ. ಬಟ್ಟೆ ಬಿಚ್ಚುವಾಗ ಸರಿಯಿರುವ ಕೈಯಿಂದ ಶುರು, ಹಾಕುವಾಗ ಬಲವಿಲ್ಲದ ಕೈಯಿಂದ ಶುರು. ಈ ಒಂದು ಕ್ರಮ ಗೊತ್ತಿದ್ದರೆ ಅರ್ಧ ಒದ್ದಾಟ ತಪ್ಪುತ್ತದೆ.

'ಬಾಯಲ್ಲಿ ಏನೂ ತಿನ್ನಲ್ವಲ್ಲ ಸಿಸ್ಟರ್, ಬಾಯಿ ಯಾಕೆ ತೊಳೀಬೇಕು' ಎಂದು ಕೇಳುತ್ತಾರೆ. ತಿನ್ನದವರಿಗೇ ಹೆಚ್ಚು ಬೇಕು. ಬಾಯಲ್ಲಿ ಉಸಿರಾಡಿ ಜೊಲ್ಲು ಒಣಗಿ ಅಂಗುಳಕ್ಕೆ ಪದರ ಕಟ್ಟುತ್ತದೆ, ಅದರ ಕೊಳೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಎರಡು ಮಗ್ಗುಲಿಗೊಮ್ಮೆ, ಅಂದರೆ ನಾಲ್ಕು ಗಂಟೆಗೊಮ್ಮೆ ಮಾಡುತ್ತೇನೆ. ಪ್ರಜ್ಞೆ ಇಲ್ಲದವರನ್ನು ಪಕ್ಕಕ್ಕೆ ಮಲಗಿಸಿ, ಕೆನ್ನೆಯ ಕೆಳಗೆ ಕಿಡ್ನಿ ಟ್ರೇ ಇಟ್ಟು, ಬಾಯಿಯ ದ್ರವ ಹೀರುವ ಸಕ್ಷನ್ ಪಕ್ಕದಲ್ಲೇ ತಯಾರಿಟ್ಟುಕೊಂಡು ಶುರುಮಾಡಬೇಕು. ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಇಲ್ಲವೇ ಡಾಕ್ಟರು ಹೇಳಿದ್ದರೆ ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ತೊಳೆಯುವ ಔಷಧ. ಗಾಜ್ ಬಟ್ಟೆಯನ್ನು ಆರ್ಟರಿ ಫೋರ್ಸೆಪ್ಸ್ ಎಂಬ ಇಕ್ಕಳದ ತುದಿ ಪೂರ್ತಿ ಮುಚ್ಚುವಂತೆ ಸುತ್ತಿ, ಅದ್ದಿ, ಹಿಂಡಿ, ಹಲ್ಲು, ವಸಡು, ಅಂಗುಳ, ನಾಲಗೆ ಒರೆಸಬೇಕು. ಹಿಂಡದ ಗಾಜ್ ಬಟ್ಟೆಯಿಂದ ತೊಟ್ಟಿಕ್ಕುವ ನೀರೇ ಅಪಾಯ. ಬೆರಳನ್ನು ಹಲ್ಲಿನ ನಡುವೆ ಇಡಬಾರದು. ಕಚ್ಚಿದರೆ ಬಿಡಿಸುವುದು ಕಷ್ಟ. ಒರೆಸಿದರೂ ಹೋಗದ ಬಿಳಿ ಪದರ ಫಂಗಸ್ ಇರಬಹುದು, ಡಾಕ್ಟರಿಗೆ ತಿಳಿಸಬೇಕು. ಒಣಗಿದ ತುಟಿಗೆ ಕೊಬ್ಬರಿಎಣ್ಣೆ ಹಚ್ಚಬಹುದು, ಆದರೆ ಆಕ್ಸಿಜನ್ ಮೇಲಿರುವವರಿಗೆ ಎಣ್ಣೆ, ವ್ಯಾಸಲಿನ್ ಬೇಡ, ನೀರು ಆಧಾರಿತ ಜೆಲ್ ಸಾಕು. ಕಟ್ಟಿಸಿದ ಹಲ್ಲನ್ನು ಕಾಗದದಲ್ಲಿ ಸುತ್ತಿಟ್ಟರೆ ಕಸದ ಬುಟ್ಟಿಗೆ ಹೋಗುವುದು ಖಂಡಿತ. ಹೆಸರು ಬರೆದ ಡಬ್ಬಿಯಲ್ಲಿ ನೀರು ಹಾಕಿ ಇಡಿ.

ಊಟದ ವಿಷಯದಲ್ಲಿ ಒಂದೇ ಅನುಕ್ರಮ: ಮೊದಲು ತಿರುಗಿಸಿ ಎಲ್ಲ ಕೆಲಸ ಮುಗಿಸುವುದು, ಆಮೇಲೆ ಊಟ. ಊಟ ಕೊಟ್ಟು ತಿರುಗಿಸಿದರೆ ವಾಂತಿ. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಕೊಡುವ ಮೊದಲು ಮೂಗಿನ ಬಳಿಯ ಗುರುತು ಜಾರಿಲ್ಲವೇ ನೋಡಿ, ಸಿರಿಂಜಿನಿಂದ ಎಳೆದ ದ್ರವವನ್ನು ಆಮ್ಲ ಅಳೆಯುವ ಪಿಎಚ್ ಕಾಗದಕ್ಕೆ ಹಾಕಬೇಕು, 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೊಟ್ಟೆಯಲ್ಲಿದೆ. ಗಾಳಿ ಊದಿ ಸ್ಟೆತಾಸ್ಕೋಪಿನಲ್ಲಿ ಕೇಳುವ ಪದ್ಧತಿಯನ್ನು ನಂಬಬೇಡಿ, ಟ್ಯೂಬು ಶ್ವಾಸಕೋಶದಲ್ಲಿದ್ದರೂ ಸದ್ದು ಕೇಳಬಹುದು. ಸಂಶಯವಿದ್ದರೆ ಎಕ್ಸ್‌ರೇ ಆಗುವವರೆಗೆ ಏನೂ ಹಾಕಬಾರದು. ಮೊದಲು ಮೊಣಕಾಲಿನ ಕಡೆ ಎತ್ತರಿಸಿ, ಆಮೇಲೆ ತಲೆಯ ಕಡೆ 30ರಿಂದ 45 ಡಿಗ್ರಿ ಏರಿಸಬೇಕು. ಮೊಣಕಾಲು ಎತ್ತರಿಸದಿದ್ದರೆ ರೋಗಿ ಕೆಳಕ್ಕೆ ಜಾರುತ್ತಾ ಬೆನ್ನಿನ ಬುಡದ ಚರ್ಮ ಉಜ್ಜಿಹೋಗುತ್ತದೆ. ಸುಮಾರು 200 ಮಿ.ಲೀ. ಅನ್ನು ಒತ್ತದೆ, ತಾನಾಗಿ ಇಳಿಯಲು ಬಿಟ್ಟು ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೊಟ್ಟು, 30 ಮಿ.ಲೀ. ನೀರಿನಿಂದ ಟ್ಯೂಬು ತೊಳೆಯಬೇಕು. ಮುಂದಿನ ಒಂದು ಗಂಟೆ ತಲೆ ಇಳಿಸುವ ಹಾಗಿಲ್ಲ.

ಮನೆಯಿಂದ ತರುವ ರಾಗಿ ಗಂಜಿ ಒಳ್ಳೆಯದೇ, ಆದರೆ ಆರಿದಂತೆ ಗಟ್ಟಿಯಾಗಿ ಟ್ಯೂಬು ಕಟ್ಟಿಕೊಳ್ಳುತ್ತದೆ. ಮೊಳಕೆ ಕಟ್ಟಿದ ರಾಗಿ ಹಿಟ್ಟಿನದ್ದು ತೆಳ್ಳಗಿರುತ್ತದೆ. ಅದನ್ನೂ ಬಟ್ಟೆಯಲ್ಲಿ ಸೋಸಿ ಉಗುರುಬೆಚ್ಚಗೆ ಕೊಡಬೇಕು. ಕಟ್ಟಿಕೊಂಡರೆ 50 ಮಿ.ಲೀ. ಸಿರಿಂಜಿನಲ್ಲಿ ಬೆಚ್ಚನೆಯ ನೀರನ್ನು ಮೆಲ್ಲಗೆ ಒತ್ತಿ ಎಳೆಯಬೇಕು, ಸಣ್ಣ ಸಿರಿಂಜಿನ ಒತ್ತಡಕ್ಕೆ ಟ್ಯೂಬು ಒಡೆಯಬಹುದು. ಎಳನೀರು ಎಲ್ಲರಿಗೂ ತಂಪು ಎಂದು ನೋಡಬಂದವರೆಲ್ಲ ತರುತ್ತಾರೆ. ಕಿಡ್ನಿ ಕೈಕೊಟ್ಟವರಿಗೆ ಅದರಲ್ಲಿರುವ ಪೊಟ್ಯಾಶಿಯಂ ಹೃದಯದ ಬಡಿತವನ್ನೇ ಕೆಡಿಸಬಹುದು, ಕೇಳದೆ ಕೊಡಬೇಡಿ. ಲಕ್ವ ಹೊಡೆದವರು ಬಾಯಲ್ಲಿ ತಿನ್ನುವಾಗ ಕೆಮ್ಮಿದರೆ, ನುಂಗಿದ ಮೇಲೆ ದನಿ ಗೊರಗೊರ ಎಂದರೆ ನಿಲ್ಲಿಸಬೇಕು. ಅವರಿಗೆ ಗಂಜಿಗಿಂತ ನೀರು, ಕಾಫಿಯೇ ಹೆಚ್ಚು ಅಪಾಯ, ತೆಳ್ಳಗಿದ್ದಷ್ಟೂ ಬೇಗ ಹಾದಿ ತಪ್ಪುತ್ತದೆ. ಊಟವಾದ ಮೇಲೆ ಬಲವಿಲ್ಲದ ಕಡೆಯ ಕೆನ್ನೆಯೊಳಗೆ ತುತ್ತು ಉಳಿದಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಯೂರಿನ್ ಬ್ಯಾಗು ಸದಾ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಸ್ಕ್ಯಾನಿಂಗಿಗೆ ಒಯ್ಯುವಾಗ ಅದನ್ನು ರೋಗಿಯ ಹೊಟ್ಟೆಯ ಮೇಲೆ ಇಟ್ಟು ಸ್ಟ್ರೆಚರ್ ತಳ್ಳುತ್ತಾರೆ. ಬ್ಯಾಗಿನ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ಮೂರರಲ್ಲಿ ಎರಡು ಪಾಲು ತುಂಬುವಷ್ಟರಲ್ಲಿ ಖಾಲಿ ಮಾಡಬೇಕು. 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಬರುತ್ತಿದ್ದರೆ ಮೊದಲು ಟ್ಯೂಬು ಮಡಚಿದೆಯೇ ನೋಡಿ, ಆಮೇಲೆ ಡಾಕ್ಟರನ್ನು ಕರೆಯಿರಿ. ಡ್ರಿಪ್ಪಿನ ಸೂಜಿ ಇರುವ ಕಡೆ ಕೆಂಪು, ಊತ, ನೋವು ಇದ್ದರೆ ತೆಗೆಯುವುದೇ ಸರಿ, ಇನ್ನೊಂದು ಬಾಟಲಿ ಮುಗಿಯಲಿ ಎಂದು ಕಾಯಬಾರದು.

ಮನೆಗೆ ಕಳಿಸುವ ಮೊದಲು, ರೋಗಿಯ ಕಡೆಯವರಿಂದಲೇ ಎರಡು ಮೂರು ಸಲ ನನ್ನ ಕಣ್ಣೆದುರು ತಿರುಗಿಸಿ ಮಾಡಿಸುತ್ತೇನೆ. 'ಗೊತ್ತಾಯ್ತು ಸಿಸ್ಟರ್' ಎನ್ನುವವರ ಕೈಯೂ ಲಕ್ವದ ತೋಳಿಗೇ ಹೋಗುತ್ತದೆ. ಮಂಚ ಗೋಡೆಗೆ ಒತ್ತಿರಬಾರದು, ಎರಡೂ ಕಡೆ ನಿಲ್ಲಲು ಜಾಗ ಬೇಕು. ಕುರ್ಚಿಯಲ್ಲಿ ಕೂರಿಸುವುದಾದರೆ ಒಮ್ಮೆಗೆ ಒಂದು ಗಂಟೆ ಮೀರದಿರಲಿ, ನಡುವೆ ಕಾಲುಗಂಟೆಗೊಮ್ಮೆ ಭಾರ ಬದಲಿಸಿ. ಚರ್ಮ ಒಡೆದರೆ, ಕಪ್ಪಾದರೆ, ವಾಸನೆ ಬಂದರೆ ಅರಿಶಿನ ಹಚ್ಚಿ ಕಾಯದೆ ಅಂದೇ ಕರೆತನ್ನಿ.