ನೂರು ಚಿತ್ರಗಳಿದ್ದರೂ ರೈಟರ್ ತಡವರಿಸದಂತೆ ಮಾಡಿದ್ದು: ನನ್ನ ಅನುಭವ

ನೂರಕ್ಕೂ ಹೆಚ್ಚು ಛಾಯಾಚಿತ್ರಗಳಿರುವ ಪುಸ್ತಕವನ್ನು ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆ ತಂತ್ರಾಂಶದಲ್ಲಿ ಕಟ್ಟುವುದು ಆಗದ ಮಾತು, ಪುಟವಿನ್ಯಾಸದ ತಂತ್ರಾಂಶವೇ ಬೇಕು ಎಂದು ಜೊತೆಗಾರರೆಲ್ಲ ಹೇಳಿದ್ದರು. ಆಗುತ್ತದೆ. ಸುಮಾರು 280 ಪುಟಗಳ ನನ್ನ ಕಡತ ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ, ಬೆರಳಿನ ವೇಗಕ್ಕೆ ಅಕ್ಷರ ಮೂಡುತ್ತದೆ.

ಶುರುವಿನಲ್ಲಿ ಚಿತ್ರಗಳು ಹೆಚ್ಚಿದಂತೆ ರೈಟರ್ ತಡವರಿಸುತ್ತಿತ್ತು. ಅದನ್ನು ಸರಿಪಡಿಸಲು ಮೊದಲು ಹಣ ಸುರಿದದ್ದು ರ‍್ಯಾಮ್‌ಗೆ. 8 ಜಿಬಿ ಇದ್ದದ್ದನ್ನು 16 ಮಾಡಿಸಿದೆ. ಕಂಪ್ಯೂಟರ್ ಪೂರ್ತಿ ನಿಂತುಹೋಗುವುದು ತಪ್ಪಿತೇ ಹೊರತು, ಚಿತ್ರವಿದ್ದ ಪುಟ ಬಂದಾಗಲೆಲ್ಲ ಕರ್ಸರ್ ಮೊದಲಿನಂತೆಯೇ ಸಿಕ್ಕಿಕೊಳ್ಳುತ್ತಿತ್ತು. ಕಾರಣ ಲೆಕ್ಕದಲ್ಲೇ ಇದೆ. ಮೊಬೈಲ್‌ನ 12 ಮೆಗಾಪಿಕ್ಸೆಲ್ ಚಿತ್ರ ಡಿಸ್ಕ್‌ನಲ್ಲಿ 4 ಎಂಬಿಯಷ್ಟೇ ಇರಬಹುದು. ಪರದೆಗೆ ಬರಲು ಅದರ ಅದುಮಿದ ರೂಪ ಬಿಚ್ಚಿಕೊಂಡಾಗ 4000×3000 ಪಿಕ್ಸೆಲ್, ಒಂದಕ್ಕೆ 4 ಬೈಟ್, ಒಟ್ಟು 48 ಎಂಬಿ. ಅದನ್ನು ಬಿಚ್ಚುವ ಕೆಲಸ ಪ್ರೊಸೆಸರ್‌ನದು. ರ‍್ಯಾಮ್ ಏನು ಮಾಡೀತು?

ಚಿತ್ರಗಳನ್ನು ಕಡತದೊಳಗೆ ಇಡದೆ, ಹೊರಗಿಟ್ಟು ಲಿಂಕ್ ಮಾಡಿ ಸೇರಿಸಲು ಹೇಳಿದವರಿದ್ದರು. ಕಡತ ಹಗುರವಾಯಿತು, ವೇಗ ಮಾತ್ರ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಹೊರಗಿದ್ದರೂ ಬಿಚ್ಚಬೇಕಾದ ಪಿಕ್ಸೆಲ್‌ಗಳು ಅಷ್ಟೇ. ಫೋಲ್ಡರ್ ಜಾಗ ಬದಲಾದಾಗ ಅರ್ಧ ಪುಸ್ತಕದ ಚಿತ್ರಗಳೇ ಮಾಯ. ರೈಟರ್‌ನ ಒಳಗಿನ ಕಂಪ್ರೆಸ್ ಬಳಸಿ ಒಂದೊಂದೇ ಚಿತ್ರ ಕುಗ್ಗಿಸುತ್ತ ನಲವತ್ತರ ಹತ್ತಿರ ಬಂದು ಕೈಬಿಟ್ಟೆ. ಮಾಸ್ಟರ್ ಡಾಕ್ಯುಮೆಂಟ್ (ಹಲವು ಕಡತಗಳನ್ನು ಒಟ್ಟುಗೂಡಿಸುವ ಕಡತ) ಮಾಡಿ ಅಧ್ಯಾಯಗಳನ್ನು ಒಡೆದರೆ ವೇಗವೇನೋ ಬಂತು, ಆದರೆ ಒಂದು ಚಿತ್ರವನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ದಾಟಿಸುವುದೇ ದೊಡ್ಡ ರಗಳೆ.

ಗೆದ್ದದ್ದು ಕಡತದ ಹೊರಗೆ. ನನ್ನ ಪುಟದ ಅಕ್ಷರ ಭಾಗದ ಅಗಲ ನಾಲ್ಕೂವರೆ ಇಂಚು. ಅಚ್ಚಿಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ ಎಂದರೆ 1350 ಪಿಕ್ಸೆಲ್ ಅಗಲ ಸಾಕು. ನಾನು 1400 ಇಟ್ಟುಕೊಂಡೆ. ಚಿತ್ರಗಳನ್ನೆಲ್ಲ ಬೇರೆ ಫೋಲ್ಡರ್‌ಗೆ ನಕಲು ಮಾಡಿ, ಬೇಡದ ಅಂಚುಗಳನ್ನು ಅಲ್ಲೇ ಕತ್ತರಿಸಿ, ಚಿತ್ರ ತಿದ್ದುವ ತಂತ್ರಾಂಶವಾದ ಇಮೇಜ್‌ಮ್ಯಾಜಿಕ್‌ನ ಮೊಗ್ರಿಫೈ ಆಜ್ಞೆಯಿಂದ ಒಟ್ಟಿಗೆ ಕುಗ್ಗಿಸಿದೆ, ಜೆಪೆಗ್ ಗುಣಮಟ್ಟ 85. ನಕಲು ಕಡ್ಡಾಯ, ಮೊಗ್ರಿಫೈ ಮೂಲದ ಮೇಲೆಯೇ ಬರೆಯುತ್ತದೆ. ಚಿತ್ರವನ್ನು ನೆಟ್ಟಗೆ ತಿರುಗಿಸುವ ಆಟೊ-ಓರಿಯೆಂಟ್ ಆಯ್ಕೆ ಕೊಡದಿದ್ದರೆ ಮೊಬೈಲ್ ಚಿತ್ರಗಳು ಅಡ್ಡ ಮಲಗುವುದುಂಟು. ಒಂದು ಚಿತ್ರ ಬಿಚ್ಚಿಕೊಂಡಾಗ 48 ಇದ್ದದ್ದು 6 ಎಂಬಿಗೆ ಇಳಿಯಿತು. ಕಡತ 450 ಎಂಬಿ ಆಸುಪಾಸಿನಿಂದ ನಲವತ್ತಕ್ಕೆ. ಕುಗ್ಗಿಸಿದ ಮೇಲೆ ಸ್ವಲ್ಪ ಶಾರ್ಪನ್ ಕೊಡುತ್ತೇನೆ. ಎಷ್ಟು ಎಂಬುದನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ, ಅದಕ್ಕೆ ಬಹಳ ಕಾಗದ ಖರ್ಚಾಗಿದೆ.

ಕುಗ್ಗಿಸಿದ ಚಿತ್ರದ ಕಡತವನ್ನೇ ಆರಿಸಿ ಪುಸ್ತಕಕ್ಕೆ ಸೇರಿಸಬೇಕು. ನಕಲು ಮಾಡಿ ಅಂಟಿಸಿದರೆ ಎಷ್ಟೋ ಸಲ ಜೆಪೆಗ್ ಹೋಗಿ ಪಿಎನ್‌ಜಿ ಆಗಿ ಕೂರುತ್ತದೆ, ಗಾತ್ರ ಹಲವು ಪಟ್ಟು ಉಬ್ಬುತ್ತದೆ. ಆ್ಯಂಕರ್ ಅನ್ನು 'ಆ್ಯಸ್ ಕ್ಯಾರೆಕ್ಟರ್' (ಚಿತ್ರ ಒಂದು ಅಕ್ಷರದಂತೆ ಸಾಲಿನಲ್ಲೇ ಕೂರುವಂತೆ) ಮಾಡಿದ ಮೇಲೆ, ಒಂದು ಸಾಲು ಸೇರಿಸಿದರೆ ಚಿತ್ರಗಳು ಪುಟದಿಂದ ಪುಟಕ್ಕೆ ಹಾರುವುದೂ ನಿಂತಿತು.

ನಡುವೆ ಒಂದು ಪ್ರಯೋಗ. ರೈಟರ್ ಉಳಿಸುವ ಒಡಿಟಿ ಕಡತ ಎಂದರೆ ಒಳಗೆ ಜಿಪ್, ಹಲವು ಕಡತಗಳನ್ನು ಅದುಮಿಟ್ಟ ಕಟ್ಟು ತಾನೆ? ಹಳೆಯದೊಂದು ಭಾರೀ ಕಡತವನ್ನು 7-ಜಿಪ್‌ನಲ್ಲಿ ತೆರೆದು, 'ಪಿಕ್ಚರ್ಸ್' ಫೋಲ್ಡರ್‌ನಲ್ಲಿದ್ದ ಚಿತ್ರಗಳ ಜಾಗಕ್ಕೆ ಅದೇ ಹೆಸರಿನ ಚಿಕ್ಕವನ್ನು ಇಟ್ಟೆ. ಕಡತ ಸಲೀಸಾಗಿ ತೆರೆಯಿತು, ಚಿತ್ರಗಳೆಲ್ಲ ತಮ್ಮ ಅಳತೆಯಲ್ಲೇ ನಿಂತಿದ್ದವು! ರೈಟರ್ ಒಳಗೆ ಕ್ರಾಪ್ ಮಾಡಿದ್ದವು ಮಾತ್ರ ಕೆಟ್ಟವು. ಕಪ್ಪು-ಬಿಳುಪಿಗೆ ತಿರುಗಿಸಿಯೂ ನೋಡಿದೆ; ಜೆಪೆಗ್‌ನಲ್ಲಿ ಬಣ್ಣ ಹಿಡಿಯುವ ಜಾಗವೇ ಕಡಿಮೆ, ಉಳಿತಾಯ ಅಷ್ಟಕ್ಕಷ್ಟೆ.

ಅಚ್ಚಿನಲ್ಲಿ ಚಿತ್ರ ಮಸುಕಾಗುತ್ತದೆ ಎಂದವರಿಗೆ ಮೂಲ ಚಿತ್ರದ ಮತ್ತು ಕುಗ್ಗಿಸಿದ್ದರ ಮುದ್ರಿತ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದೆ. ಯಾವುದು ಯಾವುದೆಂದು ಹೇಳಲು ಯಾರಿಂದಲೂ ಆಗಲಿಲ್ಲ. ಪುಟವಿನ್ಯಾಸಕ್ಕೆಂದು ಎತ್ತಿಟ್ಟಿದ್ದ ಹಣದಲ್ಲಿ ಇನ್ನೊಂದು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಕಟ್ಟು) ಬಣ್ಣದಲ್ಲಿ ಅಚ್ಚಾಯಿತು.