ಹಳ್ಳಿ ಮನೆಯಲ್ಲಿ ಯುಗಾದಿ ತಯಾರಿ

ನಮ್ಮದು ಮಂಡ್ಯ ಕಡೆಯ ಹಳ್ಳಿ. ಹೊಂಗೆ ಚಿಗುರಿ ನೆರಳು ತಂಪಾಯಿತು ಅಂದರೆ ಯುಗಾದಿ ಬಂತು ಅಂತಲೇ ಲೆಕ್ಕ.

ಹಬ್ಬಕ್ಕೆ 3-4 ದಿನ ಮುಂಚೆಯೇ ಧೂಳು ಹೊಡೆದು ಸುಣ್ಣ ಬಳಿದುಬಿಡಿ. ಅಂಗಳ ಸಾರಿಸುವುದು ಮಾತ್ರ ಹಿಂದಿನ ಸಂಜೆಗಿರಲಿ. ಸಗಣಿ ಅವತ್ತಿನದೇ ಆಗಬೇಕು, ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಬೇಕು. ಗಟ್ಟಿಯಾದರೆ ಒಣಗಿದ ಮೇಲೆ ಹಕ್ಕಳೆ ಏಳುತ್ತದೆ.

ತೋರಣಕ್ಕೆ ತೀರಾ ಎಳೆ ಮಾವಿನೆಲೆ ಬೇಡ, ಮಧ್ಯಾಹ್ನಕ್ಕೇ ಸೊರಗುತ್ತದೆ.

ಬೇವು-ಬೆಲ್ಲಕ್ಕೆ ಎಲೆಗಿಂತ ಹೂವೇ ಚೆನ್ನ. ಬೆಳಿಗ್ಗೆ ಮರದ ಕೆಳಗೆ ಹಳೇ ಪಂಚೆ ಹಾಸಿ ಕೊಂಬೆ ಅಲ್ಲಾಡಿಸಿ, ತಾನಾಗಿ ಉದುರುತ್ತದೆ. ಪುಡಿ ಬೆಲ್ಲ, ಹುರಿಗಡಲೆ ಜೊತೆ ಕಲಸಿ. ನನ್ನ ಮೊಮ್ಮಗಳು ಬೆಲ್ಲ ಮಾತ್ರ ಆರಿಸಿ ತಿನ್ನುತ್ತಾಳೆ. ಸುಮ್ನೆ ಬಿಟ್ಟಿದ್ದೇನೆ.

ಎಣ್ಣೆ ಸ್ನಾನ, ಒಬ್ಬಟ್ಟು ನಿಮಗೆ ಗೊತ್ತಿದ್ದದ್ದೇ. ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಬಿಡಬೇಡಿ. ಎತ್ತಿನ ಮೈ ತೊಳೆದು, ನೊಗ ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ನಾಲ್ಕು ಸಾಲು ಉತ್ತು ಬನ್ನಿ. ಎತ್ತು ಮಾರಿದ ಮೇಲೆ ನಾವು ಟ್ರ್ಯಾಕ್ಟರಿಗೇ ಅರಿಶಿನ ಕುಂಕುಮ ಹಚ್ಚುತ್ತೇವೆ, ಏನು ಮಾಡೋದು!

ಮಾರನೆಯ ದಿನ ಹೊಸತೊಡಕು. ಬಾಡೂಟದ ಗಲಾಟೆಯಲ್ಲಿ ಸಂಜೆಯ ಚಂದ್ರನನ್ನು ಮರೆಯಬೇಡಿ. ಪಡುವಣದಲ್ಲಿ ಗೆರೆಯಷ್ಟೇ ಕಾಣುತ್ತಾನೆ, ಬೇಗ ಮುಳುಗುತ್ತಾನೆ. ನೋಡಿದ ಕೂಡಲೇ ದೊಡ್ಡವರ ಕಾಲಿಗೆ ಬೀಳಿ.