ತಟ್ಟೆ ಇಡ್ಲಿಗೆ ಬಟ್ಟೆ, ಸಾಂಬಾರ್‌ಗೆ ಸ್ಟೀಲ್ ಡಬ್ಬಿ: ನನ್ನ ಅನುಭವ

ತುಮಕೂರಿನ ನಮ್ಮ ಪುಟ್ಟ ಹೋಟೆಲ್‌ನಲ್ಲಿ ಬಿಸಿ ಪದಾರ್ಥ ಪ್ಲಾಸ್ಟಿಕ್ ಮುಟ್ಟುವುದು ನಿಂತು ವರ್ಷದ ಮೇಲಾಯಿತು. ವ್ಯಾಪಾರ ಬಿದ್ದಿಲ್ಲ. ಪಾರ್ಸೆಲ್ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿದಿದೆ. "ಆರು ತಿಂಗಳಲ್ಲಿ ಶಟರ್ ಎಳೀತೀಯ" ಎಂದಿದ್ದ ಪಕ್ಕದ ಬೀದಿಯ ಹೋಟೆಲ್‌ನವರೇ ಈಗ ಬಟ್ಟೆ ಎಲ್ಲಿ ತಂದೆ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರು ಮಾಡಿದ್ದು 2024ರ ಕೊನೆಯಲ್ಲಿ. ಆಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2025ರ ಫೆಬ್ರವರಿಯಲ್ಲಿ ಆಹಾರ ಸುರಕ್ಷತೆಯವರು ರಾಜ್ಯದಲ್ಲಿ ಇನ್ನೂರೈವತ್ತರಷ್ಟು ಕಡೆ ನೋಡಿ, ಐವತ್ತಕ್ಕೂ ಹೆಚ್ಚು ಕಡೆ ಇಡ್ಲಿಗೆ ಪ್ಲಾಸ್ಟಿಕ್ ಹಾಳೆ ಹಾಕುತ್ತಿದ್ದಾರೆ ಅಂದರು. ಸಚಿವ ದಿನೇಶ್ ಗುಂಡೂರಾವ್ ಅದಕ್ಕೆ ನಿಷೇಧ ಎಂದರು. ಆಮೇಲೆ ಎಲ್ಲರಿಗೂ ಗಾಬರಿ. ನನ್ನ ಬಟ್ಟೆ ಅಷ್ಟರಲ್ಲಿ ಹಳೆಯದಾಗಿ, ಮೆತ್ತಗಾಗಿ, ಒಳ್ಳೆ ಕೆಲಸ ಮಾಡುತ್ತಿತ್ತು.

ಇಡ್ಲಿ ಬೇಯಿಸುವ ತಟ್ಟೆಗೆ ಬಟ್ಟೆ ಹಾಕುವುದು ಹೊಸದಲ್ಲ, ನಮ್ಮ ತಾತಂದಿರು ಮಾಡಿದ್ದೇ. ಆದರೆ ಬೆಳಿಗ್ಗೆ ಎಂಟಕ್ಕೆ ಜನ ಮುತ್ತಿಕೊಂಡಾಗ ಇಡ್ಲಿ ಪಟ್ ಅಂತ ಬಿಡಬೇಕು ನೋಡಿ, ಪ್ಲಾಸ್ಟಿಕ್ ಬಂದದ್ದು ಅದಕ್ಕೇ. ಮೊದಲು ತಂದ ಕೋರಾ ಬಟ್ಟೆಯಲ್ಲಿ ಗಂಜಿ ಇತ್ತು. ಇಡ್ಲಿಯ ಅರ್ಧ ಬಟ್ಟೆಗೆ, ಅರ್ಧ ತಟ್ಟೆಗೆ. ಭಟ್ಟರು ಸೌಟು ಎಸೆದು "ಯಜಮಾನ್ರೇ, ಇದು ನನ್ ಕೈಲಾಗಲ್ಲ" ಎಂದು ಎರಡು ದಿನ ಬರಲೇ ಇಲ್ಲ. ಕುದಿಸಿ ಒಗೆದು ಗಂಜಿ ಬಿಡಿಸಿದ ಮೇಲೆ ಇಡ್ಲಿ ಬಿಟ್ಟಿತು. ಆದರೆ ಅಂಚಿನಿಂದ ನೂಲು ಬರತೊಡಗಿತು. ಗಿರಾಕಿ ಬಾಯಲ್ಲಿ ನೂಲು ಸಿಕ್ಕರೆ ಅದು ಕೂದಲೇ, ಎಷ್ಟು ಹೇಳಿದರೂ ಕೇಳಲ್ಲ. ಕೊನೆಗೆ ಸೀರೆಗೆ ಪೀಕೋ ಮಾಡುವ ಹೆಂಗಸಿನ ಹತ್ತಿರ ಎಲ್ಲ ತುಂಡಿಗೂ ಪೀಕೋ ಹಾಕಿಸಿದೆ. ತುಂಡಿಗೆ ಎರಡು ರೂಪಾಯಿ. ಮೀಟರ್ ಬಟ್ಟೆಯಲ್ಲಿ ಇಪ್ಪತ್ತು ತುಂಡು ಬರುತ್ತದೆ. ಮೂರು ಸೆಟ್‌ಗೆ ಬಟ್ಟೆ, ಪೀಕೋ ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ ಆಯಿತು. ಎರಡು ಮೂರು ತಿಂಗಳು ಬಾಳುತ್ತದೆ.

ಬಟ್ಟೆಯಿಂದ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಳೆಗೆ ತಿಂಗಳಿಗೆ ಎರಡು ಸಾವಿರ ಹೋಗುತ್ತಿತ್ತು. ಈಗ ಬಟ್ಟೆ ಒಗೆಯುವ ಅಮ್ಮನಿಗೇ ಐದಾರು ಸಾವಿರ ಕೊಡುತ್ತೇನೆ. ಮಳೆಗಾಲದಲ್ಲಿ ಒಣಗಿಸುವುದು ದೊಡ್ಡ ತಲೆನೋವು. ಅರೆ ಒಣಗಿದ್ದನ್ನು ಮಡಚಿಟ್ಟರೆ ಮರುದಿನ ಇಡ್ಲಿಯೇ ಮುಗ್ಗಲು ವಾಸನೆ. ಒಗೆಯಲು ಸೋಪಿನ ಪುಡಿ ಮುಟ್ಟಿಸಬೇಡಿ, ವಾಸನೆ ಉಳಿಯುತ್ತದೆ. ನಾನು ಏನು ಹಾಕಿ ಕುದಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಉಳಿತಾಯ ಇರುವುದು ಪಾರ್ಸೆಲ್‌ನಲ್ಲಿ. ಆರೋಗ್ಯದ ಲೆಕ್ಕದಲ್ಲೂ ದೊಡ್ಡ ತೊಂದರೆ ಅಲ್ಲೇ ಅಂತ ನನ್ನ ಅಭಿಪ್ರಾಯ. ಕುದಿಯುವ ಸಾಂಬಾರ್, ಅದರಲ್ಲಿ ಹುಣಸೆ ಹುಳಿ, ಮೇಲೆ ಎಣ್ಣೆ. ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕ ಊಟಕ್ಕೆ ಇಳಿಯಲು ಬಿಸಿ, ಹುಳಿ, ಜಿಡ್ಡು ಮೂರೂ ದಾರಿ ಮಾಡಿಕೊಡುತ್ತವೆ. ಅದನ್ನು ತೆಳು ಕವರಿಗೆ ಸುರಿದು, ಗಂಟು ಹಾಕಿ, ಅರ್ಧ ಗಂಟೆ ಬೈಕಿನಲ್ಲಿ ಕುಲುಕಿಸಿಕೊಂಡು ಹೋಗುತ್ತಾರೆ.

ಇದನ್ನು ಜನರಿಗೆ ತಿಳಿಸೋಣ ಅಂತ ಕೆಂಪು ಅಕ್ಷರದಲ್ಲಿ ಬೋರ್ಡ್ ಬರೆಸಿದೆ: "ಬಿಸಿ ಸಾಂಬಾರ್ ಪ್ಲಾಸ್ಟಿಕ್‌ನಲ್ಲಿ ಒಯ್ದರೆ ಕ್ಯಾನ್ಸರ್". ಮೊದಲ ವಾರವೇ ಒಬ್ಬರು ಹಿರಿಯರು ನಿಂತು ಓದಿ, "ಹಂಗಾದ್ರೆ ನಿನ್ನೆ ತನಕ ನಮಗೆ ಏನು ಕಟ್ಟಿಕೊಟ್ಟೆಯಪ್ಪ?" ಎಂದರು. ಕ್ಯೂನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಬೋರ್ಡ್ ಇಳಿಸಿದೆ. ಆಮೇಲೆ ಪೇಪರ್ ಸುದ್ದಿ ಅಂಟಿಸಿದೆ. 2024ರಲ್ಲಿ ಇಟಲಿಯ ವೈದ್ಯರು ಕುತ್ತಿಗೆಯ ರಕ್ತನಾಳದಿಂದ ತೆಗೆದ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಕಣ ಹುಡುಕಿದ್ದರು, 257 ಜನರಲ್ಲಿ 150 ಮಂದಿಗೆ ಸಿಕ್ಕಿತ್ತು. ಸಿಕ್ಕವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಸಾವು ಜಾಸ್ತಿ ಕಂಡವು. ಪ್ಲಾಸ್ಟಿಕ್ಕೇ ಕಾರಣ ಅಂತ ಅವರು ಹೇಳಿಲ್ಲ, ಅದನ್ನೂ ಬರೆದು ಹಾಕಿದ್ದೆ. ಒಬ್ಬ ಕಾಲೇಜು ಹುಡುಗ ಓದಿ, "ಅಣ್ಣಾ, ಇಟಲಿಯವರು ಇಡ್ಲಿ ತಿಂತಾರಾ?" ಅಂದ. ಅಲ್ಲಿಗೆ ಅದೂ ಮುಗಿಯಿತು.

ಕೊನೆಗೆ ಕೆಲಸ ಮಾಡಿದ್ದು ನಮ್ಮ ಮನೆಯ ಹಳೇ ಪ್ಲಾಸ್ಟಿಕ್ ಟಿಫನ್ ಬಾಕ್ಸ್. ಸಾಂಬಾರ್ ಹಾಕಿ ಹಾಕಿ ಹಳದಿ ಕೂತಿತ್ತು, ಎಷ್ಟು ಉಜ್ಜಿದರೂ ಹೋಗದು. ಅದನ್ನು ಕ್ಯಾಶ್ ಕೌಂಟರ್ ಮೇಲೆ ಇಟ್ಟೆ, ಪಕ್ಕದಲ್ಲಿ ಅಷ್ಟೇ ಹಳೆಯ ಸ್ಟೀಲ್ ಡಬ್ಬಿ. ಕೇಳಿದವರಿಗೆ ಒಂದೇ ಮಾತು: "ಅರಿಶಿನ ಇದರೊಳಗೆ ಹೋಗಿ ಕೂತಿದೆ. ಒಳಗೆ ಹೋಗೋಕೆ ದಾರಿ ಇದ್ರೆ ಹೊರಗೆ ಬರೋಕೂ ಇರುತ್ತೆ ಅಲ್ವಾ?" ಹೆಂಗಸರು ತಕ್ಷಣ ಹಿಡಿದುಕೊಂಡರು. ಅಂಥದ್ದೊಂದು ಡಬ್ಬಿ ಎಲ್ಲರ ಮನೆಯಲ್ಲೂ ಇದೆ. ಕ್ಯಾನ್ಸರ್ ಅಂತ ಒಮ್ಮೆಯೂ ಬಾಯಿ ಬಿಟ್ಟಿಲ್ಲ.

ಕವರಿಗೆ ಕುದಿನೀರು ಹಾಕಿ ಮೂಸಿ ತೋರಿಸುವ ಪ್ರಯೋಗವನ್ನೂ ಸ್ವಲ್ಪ ದಿನ ಮಾಡಿದೆ. ಅಗ್ಗದ ಕವರಲ್ಲಿ ವಾಸನೆ ಬರುತ್ತದೆ, ಜನ ಮುಖ ಸಿಂಡರಿಸುತ್ತಾರೆ. ಆದರೆ ಒಳ್ಳೆ ಕವರಲ್ಲಿ ವಾಸನೆ ಬರಲ್ಲ, ಆಗ "ಇದು ಓಕೆನಾ?" ಎನ್ನುತ್ತಾರೆ. ವಾಸನೆ ಇಲ್ಲ ಅಂದರೆ ಕ್ಷೇಮ ಅಂತೇನಿಲ್ಲವಲ್ಲ. ಬಿಟ್ಟುಬಿಟ್ಟೆ.

ತಿಳಿದ ಮೇಲೂ ಮನೆಯಿಂದ ಡಬ್ಬಿ ತರುವವರು ಕಮ್ಮಿ. ತಂದವರಿಗೆ ಎರಡು ರೂಪಾಯಿ ಬಿಟ್ಟುಕೊಟ್ಟೆ, ಯಾರಿಗೂ ಬೇಡವಾಯಿತು. ಅದನ್ನೇ ತಿರುಗಿಸಿ ಇಡ್ಲಿ ರೇಟು ಹಾಗೇ ಇಟ್ಟು, ಬಿಲ್‌ನಲ್ಲಿ "ಪಾರ್ಸೆಲ್ 10" ಅಂತ ಬೇರೆ ಸಾಲು ಹಾಕಿದೆ. ತಿಂಗಳೊಳಗೆ ಡಬ್ಬಿಗಳು ಬರತೊಡಗಿದವು. ಆಮೇಲೆ ಇನ್ನೊಂದು ಪೀಡೆ: ಎರಡು ಇಡ್ಲಿಗೆ ಎರಡು ಲೀಟರ್ ಹಾಲಿನ ಕ್ಯಾನ್ ತಂದು "ತುಂಬಿ" ಅನ್ನುವವರು! ಒಂದು ತಟ್ಟೆ ಇಡ್ಲಿಗೆ ಒಂದು ಸೌಟು ಸಾಂಬಾರ್, ಮೇಲೆ ಬೇಕಾದರೆ ಹತ್ತು ರೂಪಾಯಿ ಅಂತ ಮಾಡಿದ ಮೇಲೆ ಸರಿಹೋಯಿತು.

ಡಬ್ಬಿ ಮರೆತವರಿಗೆ ನಮ್ಮದೇ ಸ್ಟೀಲ್ ಡಬ್ಬಿ. ಹೋಲ್‌ಸೇಲ್‌ನಲ್ಲಿ ಎಂಬತ್ತು ಎಂಬತ್ತೈದಕ್ಕೆ ಸಿಕ್ಕಿತು, ನೂರೈವತ್ತು ತಂದೆ. ಡಿಪಾಸಿಟ್ ನೂರು, ವಾಪಸ್ ತಂದರೆ ಪೂರ್ತಿ ವಾಪಸ್. ಮೂರರಲ್ಲಿ ಒಂದು ಬರುವುದೇ ಇಲ್ಲ. ಬರದಿದ್ದರೆ ನನಗೆ ಹದಿನೈದು ರೂಪಾಯಿ ಲಾಭ, ಅವರ ಮನೆಗೆ ಒಂದು ಡಬ್ಬಿ. ಕವರ್, ಪ್ಲಾಸ್ಟಿಕ್ ಕಪ್, ಕೈಚೀಲಕ್ಕೆ ತಿಂಗಳಿಗೆ ಹನ್ನೊಂದು ಸಾವಿರ ಹೋಗುತ್ತಿತ್ತು, ಈಗ ಪಾರ್ಸೆಲ್‌ಗೆ ಒಟ್ಟು ನಾಲ್ಕು ಸಾವಿರ. ಒಗೆಯುವ ಅಮ್ಮನ ಸಂಬಳ ಅಲ್ಲೇ ಹುಟ್ಟುತ್ತದೆ.

ಗಟ್ಟಿ ಚಟ್ನಿ ಬಾಳೆ ಎಲೆಯಲ್ಲಿ ಚೆನ್ನಾಗಿ ಹೋಗುತ್ತದೆ. ವರಮಹಾಲಕ್ಷ್ಮಿ, ಗಣೇಶನ ಹಬ್ಬ ಬಂದರೆ ಎಲೆ ರೇಟು ಕೇಳಲಾಗದು, ಆಗ ಮುತ್ತುಗದ ಎಲೆ. ಕಾಂಪೋಸ್ಟ್ ಆಗುತ್ತದೆ ಅನ್ನುವ ಹಸಿರು ಕವರನ್ನೂ ನೋಡಿದೆ. ಬಿಸಿ ಸಾಂಬಾರ್‌ಗೆ ಮೆತ್ತಗಾಗಿ ಒಬ್ಬರ ಸ್ಕೂಟರ್ ಡಿಕ್ಕಿಯಲ್ಲೇ ಒಡೆಯಿತು. ತೊಳೆಸಿಕೊಟ್ಟಿದ್ದು ನಾನೇ. ಅಡಿಕೆ ಹಾಳೆ ದೊನ್ನೆ ತಂದು ನೋಡಿದೆ, ಸಾಂಬಾರ್ ಸೋರುತ್ತದೆ. ಅಡಿಕೆಯ ಅಂಶ ಊಟಕ್ಕೆ ಇಳಿಯಬಹುದು ಅಂತ ಅಮೆರಿಕದ ಆಹಾರ, ಔಷಧ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2025ರಲ್ಲಿ ಅದನ್ನೂ ಬೇಡ ಎಂದಿತು. ಎಲೆ ಅಂದ ಮಾತ್ರಕ್ಕೆ ಎಲ್ಲಾ ಸರಿ ಅಲ್ಲ.

ಕಾಫಿ, ಟೀಗೆ ಪೇಪರ್ ಕಪ್ ಇಡಿ ಅಂತ ಸಲಹೆ ಕೊಡುವವರು ಬಹಳ. ಅದರ ಒಳಗೂ ಪ್ಲಾಸ್ಟಿಕ್ ಪೊರೆಯೇ. ಖರಗ್‌ಪುರ ಐಐಟಿಯವರು 2020ರಲ್ಲೇ ನೋಡಿದ್ದಾರೆ, 100 ಎಂಎಲ್ ಬಿಸಿ ನೀರಿಗೆ 15 ನಿಮಿಷದಲ್ಲಿ 25,000ದಷ್ಟು ಕಣ ಇಳಿದಿದ್ದವು. ನಮ್ಮಲ್ಲಿ ಗಾಜಿನ ಲೋಟ ಮಾತ್ರ. ತಿಂಗಳಿಗೆ ಒಂದು ಡಜನ್ ಒಡೆಯುತ್ತದೆ, ಪೇಪರ್ ಕಪ್ಪಿಗಿಂತ ಅದೇ ಅಗ್ಗ.

ಆನ್‌ಲೈನ್ ಆರ್ಡರ್ ಒಂದು ಬಗೆಹರಿದಿಲ್ಲ. ಸದ್ಯಕ್ಕೆ ಸಾಂಬಾರ್ ಇಲ್ಲದೆ ಇಡ್ಲಿ, ಗಟ್ಟಿ ಚಟ್ನಿ ಅಷ್ಟೇ ಎಲೆಯಲ್ಲಿ ಕಟ್ಟಿ ಕಳಿಸುತ್ತೇನೆ. ಸ್ಟಾರ್ ಕಮ್ಮಿ ಬರುತ್ತವೆ, ಆರ್ಡರೂ ಅರ್ಧ ಆಗಿದೆ. ಹಾಲು ಪ್ಯಾಕೆಟ್‌ನಲ್ಲೇ ಬರುತ್ತದೆ, ತಣ್ಣಗಿರುತ್ತದೆ ಅಂತ ಅದಕ್ಕೆ ಕೈ ಹಾಕಿಲ್ಲ. ಐಸಿನಂತೆ ಗಟ್ಟಿಯಾದ ಪ್ಯಾಕೆಟ್ಟನ್ನು ಹುಡುಗರು ಬಿಸಿನೀರಿಗೆ ಮುಳುಗಿಸಿ ಕರಗಿಸುತ್ತಿದ್ದರಲ್ಲ, ಅದನ್ನು ಮಾತ್ರ ಬಿಡಿಸಿದ್ದೇನೆ. ಬಟ್ಟೆ ಹಾಕುವುದು, ಬಿಡಿಸುವುದು ನೋಡಬೇಕಿದ್ದರೆ ಬೆಳಿಗ್ಗೆ ಐದೂವರೆ ಒಳಗೆ ಬನ್ನಿ. ಆಮೇಲೆ ಬಂದರೆ ಭಟ್ಟರು ಯಾರನ್ನೂ ಒಳಗೆ ಬಿಡಲ್ಲ.